ಗಾಣಕ್ಕೆ ಕಬ್ಬು ಕೊಟ್ಟ ಮಗ

"ಗುರುಗಳೇ, ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎನ್ನುತ್ತದೆ ಕಾನೂನು. ನಿನ್ನೆಯವರೆಗೆ ಎಳೆಯದಾಗಿದ್ದ ಕೈ ಇವತ್ತು ಬೆಳಗಾಗುವುದರೊಳಗೆ ಬಲಿತುಬಿಡುತ್ತದೆಯೇ? ಇದನ್ನು ಬರೆದವರು ಯಾರನ್ನು ಕೇಳಿ ಬರೆದರು?" ಎಂದು ಶಿಷ್ಯನೊಬ್ಬ ಕೇಳಿದ.

ಶಿಷ್ಯನಿಗೆ ಪೇಟೆಯಲ್ಲಿ ಹೋಟೆಲಿತ್ತು. ಲೋಟ ತೊಳೆಯಲು ಹನ್ನೆರಡರ ಹುಡುಗನೊಬ್ಬ ಸಿಕ್ಕಿದ್ದ. ನಾಳೆಯಿಂದ ಬರಬೇಕು. ಅದನ್ನು ಶಿಷ್ಯ ಹೇಳಲಿಲ್ಲ, ಗುರುಗಳು ಕೇಳಲೂ ಇಲ್ಲ. ಕತೆ ಹೇಳಿದರು.

ಒಬ್ಬ ಆಲೆಮನೆ ಯಜಮಾನನಿದ್ದ. ಬೆಲ್ಲ ಮಾಡುವ ಕಾಲದಲ್ಲಿ ಅವನ ಗಾಣ ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತಿತ್ತು. ಎತ್ತು ದಣಿದರೆ ಬಿಚ್ಚಿ ಬೇರೆ ಜೋಡಿ ಕಟ್ಟುತ್ತಿದ್ದ. ಗಾಣಕ್ಕೆ ಕಬ್ಬು ಕೊಡುವ ಹುಡುಗ ಮಾತ್ರ ಒಬ್ಬನೇ. ಅವನನ್ನು ಯಾರೂ ಬಿಚ್ಚುತ್ತಿರಲಿಲ್ಲ. ಮಧ್ಯಾಹ್ನ ಕಳೆದರೆ ಹುಡುಗನಿಗೆ ತೂಕಡಿಕೆ ಬರುತ್ತಿತ್ತು. ಗಾಣಕ್ಕೆ ಬರುತ್ತಿರಲಿಲ್ಲ.

ಒಂದು ದಿನ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬ ಬಂದ. ಗಾಣ ನಿಂತಿತು.

"ಯಾರಪ್ಪ ಈ ಹುಡುಗ?"

"ನನ್ನ ಮಗನೇ ಸ್ವಾಮಿ. ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ಒಂದಿಷ್ಟು ಕೈ ಆಡಿಸ್ತಾನೆ." ಶಾಲೆ ಬಿಟ್ಟ ಮೇಲೆ ಮಕ್ಕಳು ಮನೆಯವರಿಗೆ ನೆರವಾಗಬಹುದು ಎಂಬುದನ್ನು ಯಜಮಾನ ಎಲ್ಲೋ ಕೇಳಿದ್ದ. ಅಷ್ಟು ಕಾನೂನು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹೆಸರು?"

ಅದು ಗೊತ್ತಿರಲಿಲ್ಲ. ಯಜಮಾನ ಬೆವರಿದ. ಹುಡುಗನೇ ನಡುವೆ ಬಾಯಿ ಹಾಕಿದ. "ಅಪ್ಪ ನನ್ನ 'ಲೋ' ಅಂತಾನೇ ಕರೆಯೋದು ಸಾರ್. ಹುಟ್ಟಿದಾಗಿಂದ."

ಅಷ್ಟರಲ್ಲಿ ಯಜಮಾನನ ಸ್ವಂತ ಮಗ ಬಿಸಿ ಬೆಲ್ಲ ತಿನ್ನಲು ಬಂದ. ಈ ಹುಡುಗನಿಗಿಂತ ಒಂದು ತಲೆ ಎತ್ತರ. ಮೀಸೆ ಚಿಗುರುತ್ತಿತ್ತು. "ಅಪ್ಪಾ, ಪಾಕ ಇಳಿಸಿದ್ರಾ?" ಎಂದ.

"ಓಹೋ, ಇವನೂ ಮಗನೇ? ಒಳ್ಳೆಯದಾಯಿತು" ಎಂದ ಅಧಿಕಾರಿ. "ತಮ್ಮನಿಗೆ ಸಾಕಾಗಿದೆ. ಇನ್ನು ಅಣ್ಣ ಕೂರಲಿ."

ಹುಡುಗ ಎದ್ದು ಜಾಗ ಬಿಟ್ಟ. ಮಗನಿಗೂ ಆಸೆಯಿತ್ತು, ಯಾವತ್ತೂ ಕೂತವನಲ್ಲ. ಕುಳಿತು ಒಂದು ಜಲ್ಲೆ ಎತ್ತಿ ಗಾಣದ ಬಾಯಿಗೆ ಹಿಡಿದ. ಎತ್ತು ಹೊಡೆಯುವ ಆಳು ಕೋಲೆತ್ತಿದ.

"ಬೇಡ!" ಯಜಮಾನ ಓಡಿಬಂದು ಮಗನ ರಟ್ಟೆ ಹಿಡಿದು ಎಳೆದ. "ಬೇಡ ಸ್ವಾಮಿ, ಇವನಿನ್ನೂ ಕೂಸು. ಒಂಚೂರು ಕಣ್ಣು ಮುಚ್ಚಿದ್ರೆ ಬೆರಳೇ ಇರಲ್ಲ!"

ಹುಡುಗ ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಯಜಮಾನನ ಮುಖ ನೋಡಿದ. ಹುಡುಗನ ಬಾಯಲ್ಲಿ ಈಗ ತಮಾಷೆ ಉಳಿದಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕತೆ ಸರಿ ಗುರುಗಳೇ. ಆದರೆ ಕಾನೂನನ್ನು ಯಾರನ್ನು ಕೇಳಿ ಬರೆದರು ಎಂದು ನೀವು ಹೇಳಲೇ ಇಲ್ಲ."

"ಆ ಅಪ್ಪ ತನ್ನ ಮಗನೊಬ್ಬನಿಗಾಗಿ ಕೂಗಿದ 'ಬೇಡ'ವನ್ನೇ, ಮಿಕ್ಕ ಮಕ್ಕಳನ್ನೂ ಸೇರಿಸಿ ಬರೆದಿಟ್ಟರು."