ವಜ್ರದೊಳಗಿನ ಖಾಲಿ ಜಾಗ

ಭೂಮಿ ಇನ್ನೂ ಈಗಷ್ಟೇ ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ಹಬೆಯಾಡುತ್ತಿದ್ದ ಕಾಲ. ಅದರ ಹೊಟ್ಟೆಯೊಳಗೆ ಇದ್ದಲಜ್ಜಿಯ ಮಕ್ಕಳು ವಜ್ರ ಕಟ್ಟುತ್ತಿದ್ದರು. ಒಬ್ಬೊಬ್ಬರಿಗೂ ನಾಲ್ಕು ಕೈ. ಸುತ್ತಲಿನ ನಾಲ್ವರ ಕೈ ಹಿಡಿದು ನಿಂತರೆ ಮುಗಿಯಿತು, ಅಲ್ಲಾಡುವಂತಿಲ್ಲ. ಅದು ಆ ಮನೆಯ ಕಟ್ಟಳೆ.

ಅಲ್ಲಿಗೆ ಗಾಳಿಯ ಮಗ ತೂರ ಬಂದ. ಪಾಪ, ಅವನಿಗೆ ಮೂರೇ ಕೈ.

"ಅಜ್ಜೀ, ಅಲೆದು ಅಲೆದು ಸಾಕಾಗಿದೆ. ನನಗೂ ಒಂದು ಜಾಗ ಕೊಡೇ."

"ನಿಂತ್ಕೋ ಮಗಾ."

ಪಕ್ಕದ ಕರಿಯಣ್ಣ ಮೂಗು ಮುರಿದ. "ನನ್ನ ಒಂದು ಕೈ ಸುಮ್ನೆ ನೇತಾಡ್ಬೇಕಾ?" ಎಂದವನೇ ಹೊರಟೇ ಹೋದ. ಅವನ ಜಾಗ ಖಾಲಿಯಾಯಿತು.

"ತೂತು ಬಿತ್ತು! ಓಡಿಸಜ್ಜಿ ಇವನನ್ನ!" ಉಳಿದವರ ಗಲಾಟೆ.

"ಬಿಸಿಲು ಕಾಣೋವರೆಗೂ ಇರಲಿ. ಆಮೇಲೆ ಹೋಗ್ಲಿ," ಎಂದಳು ಅಜ್ಜಿ.

ತೂರ ಮಾತ್ರ, ಕರಿಯಣ್ಣ ವಾಪಸ್ ಬಂದರೆ ಬೇಕಲ್ಲ ಅಂತ ಆ ಜಾಗ ಕಾದುಕೊಂಡು ನಿಂತ.

ಒಂದು ದಿನ ಬೆಂಕಿಬೆಟ್ಟ ಕೆಮ್ಮಿತು. ವಜ್ರ ಹೊಳೆಯ ದಡಕ್ಕೆ ಬಂದು ಬಿತ್ತು. ಎಲೆ ಸೋಸಿದ ಹಸಿರು ಬಿಸಿಲು ತಾಗಿದ್ದೇ ತಡ, ತೂರ ಕೆಂಪಗಾದ.

"ನೋಡ್ರೋ, ನಾಚ್ಕೊಂಡ!"

"ಹೊರಡಪ್ಪಾ," ಎಂದಳು ಅಜ್ಜಿ, ಮುಖ ಆಚೆ ತಿರುಗಿಸಿ.

ಅಷ್ಟರಲ್ಲಿ ಹೆಬ್ಬಾತು ಒಂದು ಏದುಸಿರು ಬಿಡುತ್ತಾ ಇಳಿಯಿತು. "ಉತ್ತರ ಯಾವ ಕಡೆ? ನನ್ನ ಮರಿಗಳು ಮುಂದೆ ಹೋಗ್ಬಿಟ್ಟಿವೆ!"

"ನನಗೆ ಇಳಿಜಾರು ಒಂದೇ ಗೊತ್ತು ತಾಯಿ," ಎಂದಿತು ಹೊಳೆ.

"ನಾನೋ ನಡುನೆತ್ತಿಯಲ್ಲಿದ್ದೀನಿ, ಏನಂತ ಹೇಳಲಿ?" ಎಂದ ಸೂರ್ಯ.

ನೆಲದಾಳದಲ್ಲಿ ಸೂಜಿಗಲ್ಲಜ್ಜ ಮೊದಲಿನಿಂದಲೂ ಉತ್ತರದ ಕಡೆಗೆ ಎಳೆಯುತ್ತಲೇ ಇದ್ದ. ಕೈ ಬಿಡುವಿಲ್ಲದವರಿಗೆ ಅದು ಗೊತ್ತಾಗುವುದು ಹೇಗೆ? ಆದರೆ ಖಾಲಿ ಜಾಗದ ಸುತ್ತ ಯಾರೂ ಹಿಡಿಯದ ಕೈಗಳಿದ್ದವಲ್ಲ, ಅವು ತೂಗಾಡಿದವು.

"ಯಾರೋ ಎಳೀತಿದ್ದಾರೆ!" ತೂರ ಕೂಗಿದ. "ಬಾತಕ್ಕಾ, ಕೊಕ್ಕಿನಿಂದ ಈ ಕಲ್ಲು ತಿರುಗಿಸು!"

ಅಡ್ಡ ತಿರುಗಿಸಿದಾಗ ಅವನ ಕೆಂಪು ಮಂಕಾಯಿತು. ಎಳೆತದ ನೇರಕ್ಕೆ ಬಂದಾಗ ಮತ್ತೆ ಕೆಂಡದ ಹಾಗೆ ಹೊಳೆಯಿತು.

"ಇದೇ ಉತ್ತರ! ಹಾರು!"

ಬಾತು ಹಾರಿತು. ಸ್ವಲ್ಪ ಹೊತ್ತಿಗೆ ದೂರದಿಂದ ಮರಿಗಳ ಕಲರವ ಕೇಳಿಸಿತು.

ಮೊದಲು ಓಡಿಸು ಎಂದಿದ್ದವರಲ್ಲೇ ಒಬ್ಬ ಮೆಲ್ಲಗೆ ಕೇಳಿದ, "ಅಜ್ಜಿ, ಆ ತೂತು ನಾನು ಮುಚ್ಚಲಾ?"

"ಮುಟ್ಟೀಯೆ ಜೋಕೆ! ಅದು ಹಾಗೇ ಇರಲಿ. ತೂರಾ, ನೀನೂ ಇಲ್ಲೇ ಇರೋ ಮಗನೇ."

ಅದಕ್ಕೇ ನೋಡು ಕಂದಾ, ಇವತ್ತಿಗೂ ಪ್ರಯೋಗಶಾಲೆಯಲ್ಲಿ ಅಂಥ ತೂತಿನ ವಜ್ರಕ್ಕೆ ಹಸಿರು ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ, ಸೂಜಿಗಲ್ಲು ಅಡ್ಡಲಾಗಿ ಹತ್ತಿರ ಬಂದರೆ ಮಂಕಾಗಿ ಸುದ್ದಿ ಹೇಳುತ್ತದೆ. ಕುಂದೇ ಇಲ್ಲದ ವಜ್ರ ಮಾತ್ರ ಥಳಥಳ ಮಿಂಚುತ್ತಾ ಸುಮ್ಮನೆ ಕೂತಿರುತ್ತದೆ.