ಅಟೆಂಡರ್ ಹೇಳಿದ ಫುಟ್‌ಬಾಲ್ ಭವಿಷ್ಯ

ಅಂತರ ಕಾಲೇಜು ಫುಟ್‌ಬಾಲ್ ಶುರುವಾಗಲು ಒಂದೇ ದಿನ ಬಾಕಿ. ತಮ್ಮ ಹುಡುಗರು ಐದು ಗೋಲಿನಿಂದ ಗೆಲ್ಲುತ್ತಾರೆಂದು ಪ್ರಿನ್ಸಿಪಾಲ್ ಷಡಕ್ಷರಯ್ಯ ಪತ್ರಿಕೆಯವರಿಗೆ ಹೇಳಿಬಿಟ್ಟರು. ಪಕ್ಕದಲ್ಲಿದ್ದ ಮೈದಾನದ ಅಟೆಂಡರ್ ಮುಸಿಮುಸಿ ನಕ್ಕ. ಅವರಿಗೆ ಮೈಯೆಲ್ಲ ಉರಿದುಹೋಯಿತು.

"ನನಗಿಂತ ನಿನಗೆ ಜಾಸ್ತಿ ಗೊತ್ತೇನೋ? ಶನಿವಾರ, ಭಾನುವಾರದ ನಾಲ್ಕೂ ಪಂದ್ಯದ ಫಲಿತಾಂಶ ಈಗಲೇ ಬರೆದುಕೊಡು. ಒಂದು ತಪ್ಪಿದರೂ ಹಾಸ್ಟೆಲ್ ಕಕ್ಕಸು ತೊಳೆಯೋಕೆ ಹಾಕ್ತೀನಿ!"

ಅಟೆಂಡರ್ ಕಂಕುಳಲ್ಲಿದ್ದ ಎರಡು ಫ್ಲೆಕ್ಸ್ ಸುರುಳಿಗಳನ್ನು ಕೆಳಗಿಟ್ಟು ಬರೆದುಕೊಟ್ಟ. ನಾಲ್ಕಕ್ಕೂ ಸೊನ್ನೆ-ಸೊನ್ನೆ.

ಉದ್ಘಾಟನೆ ಮಾಡಿ ಹೋಗಿದ್ದ ಷಡಕ್ಷರಯ್ಯ ಭಾನುವಾರ ಸಂಜೆ ಮೈದಾನಕ್ಕೆ ಬಂದರು. ಫಲಿತಾಂಶ ಕೇಳಿ ಅಟೆಂಡರ್ ಬರೆದುಕೊಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ನೋಡಿದರು. ನಾಲ್ಕು ಪಂದ್ಯ ಮುಗಿದರೂ ಒಂದು ಗೋಲೂ ಇಲ್ಲ!

"ಮಾಟ ಮಾಡಿಸಿದೆಯೇನೋ?"

"ಅಯ್ಯೋ, ಇಲ್ಲ ಸಾರ್. ತಮ್ಮ ಫೋಟೋ ಇರೋ ಫ್ಲೆಕ್ಸನ್ನ ಎರಡೂ ಗೋಲ್‌ಪೋಸ್ಟಿಗೆ ಅಡ್ಡ ಕಟ್ಟು, ಭಾನುವಾರದವರೆಗೆ ಯಾರೂ ಬಿಚ್ಚಕೂಡದು ಅಂದಿದ್ರಲ್ಲ? ರೆಫರಿಗೂ ಬಿಚ್ಚಿಸೋ ಧೈರ್ಯ ಬರಲಿಲ್ಲ."

ಷಡಕ್ಷರಯ್ಯ ದಂಗಾಗಿ ತಿರುಗಿ ನೋಡಿದರು. ಮೈದಾನದ ಎರಡೂ ತುದಿಯಲ್ಲಿ ಅವರೇ ಕೈಮುಗಿದು ನಗುತ್ತಿದ್ದರು. ಮುಖದ ತುಂಬ ಚೆಂಡು ಬಡಿದ ಕೆಸರು.

"ಎಂಥ ಗೋಲ್‌ಕೀಪರ್ ಸಾರ್ ನೀವು! ಒಂದನ್ನೂ ಬಿಡಲಿಲ್ಲ."