ಎಲೆ ಉದುರಿಸಿದ ನೇರಳೆ ಗಿಡಗಳು

ಹಳ್ಳವೊಂದರ ಪಕ್ಕದ ಕಾಡಿನಲ್ಲಿ ನೇರಳೆಯ ಎಳೆ ಗಿಡಗಳ ತೋಪೊಂದು ಬೆಳೆಯುತ್ತಿತ್ತು. ಅವು ಇನ್ನೂ ಒಮ್ಮೆಯೂ ಹಣ್ಣು ಬಿಟ್ಟಿರಲಿಲ್ಲ. ಮುಂದೆ ಹಣ್ಣು ಸಿಗುವ ಆಸೆಯಿಂದ ಪ್ರಾಣಿಗಳೆಲ್ಲ ಅವನ್ನು ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದವು.

ಆ ವರ್ಷ ಮಳೆ ಕೈಕೊಟ್ಟಿತು. ಹಳ್ಳ ಬತ್ತಿತು. ನೇರಳೆ ಗಿಡಗಳು ಒಂದೊಂದಾಗಿ ಎಲೆ ಉದುರಿಸಿ, ಬರೀ ಕಡ್ಡಿಗಳಾಗಿ ನಿಂತವು.

ಆ ತೋಪಿನ ಅಡಿಯಲ್ಲೇ, ಹಳ್ಳದ ದಂಡೆಯ ಬಿಲದಲ್ಲಿ ಚುಂಚನೆಂಬ ಮುಳ್ಳುಹಂದಿ ಇದ್ದ. ಅವನಿಗೆ ಆ ಗಿಡಗಳ ಬೇರಿನ ಮೇಲೆ ಕಣ್ಣು. ಆದರೆ ನೆಲ ಕಲ್ಲಾಗಿತ್ತು, ಅವನ ಉಗುರಿಗೆ ಬಗ್ಗಲಿಲ್ಲ. ಅವನು ಕಾಳವ್ವನೆಂಬ ಕರಡಿಯ ಬಳಿ ಹೋದ. ಅವಳ ಮರಿ ಬಾಯಾರಿ ಏಳಲಾರದೆ ಮಲಗಿತ್ತು.

“ಗಿಡಗಳೆಲ್ಲ ಸತ್ತುಹೋದವು ಕಾಳವ್ವ. ಆದರೆ ಬೇರಲ್ಲಿ ಒಂದಿಷ್ಟು ನೀರಿದೆ. ನೀನು ಅಗೆದುಕೊಡು, ನೀರಿರೋ ಬೇರು ನಾನು ಆರಿಸಿ ಕೊಡ್ತೀನಿ. ಮರಿ ಬದುಕುತ್ತೆ.”

“ನಾಳೆ ಮಳೆ ಬಂದರೆ?”

“ಸತ್ತದ್ದಕ್ಕೆ ಮಳೆ ಬಂದರೇನು, ಬಿಟ್ಟರೇನು?”

ಕಾಳವ್ವ ಮರಿಯ ಮುಖ ನೋಡಿದಳು. ಅಗೆಯತೊಡಗಿದಳು. ಗಿಡದ ಮೇಲೆ ಗಿಡ ಉರುಳಿತು. ರಸವಿದ್ದ ಬೇರನ್ನೆಲ್ಲ ಚುಂಚ ತಾನೇ ನುಂಗಿ, ಒಣ ನಾರನ್ನು ಅವಳತ್ತ ತಳ್ಳಿದ. “ಇದರಲ್ಲಿ ಇಷ್ಟೇ ಇದ್ದದ್ದು. ಮುಂದಿನದು ಅಗೆ.”

ಮೇಲಿನ ಕೊಂಬೆಯಿಂದ ಒಂದು ಅಳಿಲು ಕೂಗಿತು. “ನಿಲ್ಲು ಕಾಳವ್ವ! ಅವನ ಬಾಯಿ ನೋಡು, ರಸ ಸುರೀತಿದೆ. ಸತ್ತ ಗಿಡದಲ್ಲಿ ರಸ ಎಲ್ಲಿಂದ ಬಂತು?”

ಕಾಳವ್ವ ಇನ್ನೂ ಉರುಳದೆ ನಿಂತಿದ್ದ ಗಿಡವೊಂದರ ತೊಗಟೆಯನ್ನು ಮೆಲ್ಲಗೆ ಗೀರಿದಳು. ಒಳಗೆ ಹಸಿರಿತ್ತು.

“ಇರೋ ನೀರು ಆರಿಹೋಗದಿರಲಿ ಅಂತ ಎಲೆ ಉದುರಿಸಿವೆ,” ಎಂದಿತು ಅಳಿಲು. “ಜೀವ ಕೆಳಗೆ ಇಟ್ಟುಕೊಂಡಿವೆ.”

ಕಾಳವ್ವ ಸುತ್ತ ನೋಡಿದಳು. ತೋಪಿನ ಮುಕ್ಕಾಲು ಪಾಲು ನೆಲಕ್ಕೆ ಬಿದ್ದಿತ್ತು. ಅವಳು ಗರ್ಜಿಸಿದ ರಭಸಕ್ಕೆ ಚುಂಚ ಬಿಲಕ್ಕೆ ನುಗ್ಗಿದ.

ಉಳಿದ ಗಿಡಗಳ ಬುಡಕ್ಕೆ ಅವಳು ಮಣ್ಣೆಳೆದಳು, ಒಣ ತರಗೆಲೆ ತಂದು ಮುಚ್ಚಿದಳು. ಮಳೆ ಬರುವವರೆಗೆ ಮರಿ ಉಳಿಯಲಿಲ್ಲ. ಆದರೂ ಅವಳು ಆ ಗಿಡಗಳನ್ನು ಬಿಟ್ಟು ಕದಲಲಿಲ್ಲ.

ಕೊನೆಗೆ ಮಳೆ ಬಂತು, ಹುಚ್ಚು ಹಿಡಿದಂತೆ ಬಂತು. ಹಳ್ಳ ಉಕ್ಕಿತು. ಬೇರಿಲ್ಲದ ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇರಲಿಲ್ಲ. ಅದು ಬಿಲದ ಸಮೇತ ಕುಸಿಯಿತು. ಚುಂಚನ ಕೂಗು ಒಮ್ಮೆ ಕೇಳಿಸಿತು. ಮತ್ತೆ ಕೇಳಿಸಲಿಲ್ಲ.

ಉಳಿದ ಗಿಡಗಳ ತುದಿ ಒಣಗಿಯೇ ಹೋಯಿತು. ಆದರೆ ಬುಡದ ಹತ್ತಿರ ಕೆಂಪು ಚಿಗುರು ಒಡೆಯಿತು. ಆ ವರ್ಷ ಹೂವಿಲ್ಲ. ಮರುವರ್ಷವೂ ಇಲ್ಲ. ಹಸಿದ ಮಂಗಗಳು ಬೈದುಕೊಂಡವು. “ಬೇರು ಸುಧಾರಿಸಿಕೊಳ್ಳಲಿ, ಕಾಯಿರಿ,” ಎಂದಿತು ಅಳಿಲು.

ಬಹಳ ಕಾಲದ ಮೇಲೆ ನಾಲ್ಕಾರು ಗೊಂಚಲು ಹಣ್ಣಾದವು. ಪ್ರಾಣಿಗಳು ಮೊದಲ ಹಣ್ಣನ್ನು ಕಾಳವ್ವನ ಮುಂದಿಟ್ಟವು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಬೀಜವನ್ನು ಕುಸಿದ ದಂಡೆಯ ಮಣ್ಣಲ್ಲಿ ಊರಿದಳು. ಮರಿಯ ನೆನಪಾಗಿ ಇನ್ನೊಂದು ಹಣ್ಣು ತಿನ್ನಲು ಅವಳಿಂದ ಆಗಲಿಲ್ಲ.

ನೀತಿ: ಕಷ್ಟಕಾಲದಲ್ಲಿ ಸೊರಗಿ ನಿಂತದ್ದನ್ನು ಸತ್ತಿತೆಂದು ಕಿತ್ತು ಹಾಕಬಾರದು, ಕಿತ್ತುಹಾಕು ಎನ್ನುವವನಿಗೆ ಅದರಿಂದ ಏನು ಸಿಗುತ್ತದೆ ಎಂಬುದನ್ನು ಮೊದಲು ನೋಡಬೇಕು.